ನರಿಯ ಕೊರಳಿನ ಬಟ್ಟೆ

ಜಪಾನಿನ ಒಂದು ಗುಡ್ಡದ ಇಳಿಜಾರಿನಲ್ಲಿ, ಇನಾರಿ ದೇವರ ಸಣ್ಣ ಗುಡಿಯ ಬಗಲಿಗೆ, ಶಿಗೆ ಎಂಬ ಹೆಸರಿನ ಪೂಜ್ಯ ವೃದ್ಧ ಸನ್ಯಾಸಿನಿ ಅಮ್ಮನವರು ಸೌದೆ ಕೊಟ್ಟಿಗೆಯೊಂದರಲ್ಲಿ ವಾಸವಾಗಿದ್ದರು. ಇನಾರಿ ಭತ್ತಕ್ಕೂ ವ್ಯಾಪಾರಕ್ಕೂ ಒಡೆಯನಾದ ಸಮೃದ್ಧಿಯ ದೇವರು. ನರಿ ಅವನ ದೂತ. ಬಾಗಿಲ ಬಳಿ ಕುಳಿತ ಕಲ್ಲುನರಿಯ ಕೊರಳಿಗೆ ಮಕ್ಕಳಿಗಾಗಿ ಹರಕೆ ಹೊತ್ತವರು ಕೂಸಿನ ಜೊಲ್ಲುಬಟ್ಟೆಯಂಥ ಕೆಂಪು ಬಟ್ಟೆ ಕಟ್ಟುವುದು ಅಲ್ಲಿಯ ಪದ್ಧತಿ. ಅಮ್ಮನವರು ಉಪದೇಶ ಮಾಡುತ್ತಿರಲಿಲ್ಲ. ಅಂಗಳ ಗುಡಿಸುತ್ತಿದ್ದರು.

ಮಂಜು ಕವಿದ ಒಂದು ಬೆಳಿಗ್ಗೆ ಕಾಗದದ ವ್ಯಾಪಾರಿ ತೋಕುಜಿರೋ ಆ ಗುಡ್ಡ ಹತ್ತಿದ. ಅಂಗಡಿ ಬೆಳೆದಿತ್ತು, ತೊಟ್ಟಿಲು ಬರಿದಾಗಿತ್ತು. ಹೆಣ್ಣುಕೂಸು ಜ್ವರದಲ್ಲಿ ತೀರಿಕೊಂಡ ಮೇಲೆ ಹೆಂಡತಿ ಮಾತು ಬಿಟ್ಟಿದ್ದಳು. ಬಸುರಿಯಾಗಿದ್ದಾಗ ಅವಳೇ ಹೊಲಿದು ಕಟ್ಟಿದ ಬಟ್ಟೆ ಇನ್ನೂ ನರಿಯ ಕೊರಳಲ್ಲಿತ್ತು. ಅದನ್ನು ಕಿತ್ತು ಒಲೆಗೆ ಹಾಕದ ಹೊರತು ತನಗೆ ನಿದ್ದೆಯಿಲ್ಲವೆಂದು ಅವನು ನಿಶ್ಚಯಿಸಿದ್ದ.

"ನಿಮ್ಮ ನರಿ ಕುರುಡು, ಅಜ್ಜಿ."

"ಇರಬಹುದಪ್ಪ. ಕಣ್ಣಿಗೆ ಪಾಚಿ ಹತ್ತಿದೆ," ಎಂದರು ಅಮ್ಮನವರು, ಪೊರಕೆ ನಿಲ್ಲಿಸದೆ.

ಅವನು ಗಂಟು ಬಿಚ್ಚಿದ. ಹೆಂಡತಿಯ ಬಟ್ಟೆ ಕೈಗೆ ಬಂತು. ಅದರಡಿಯಲ್ಲಿ ಇನ್ನೊಂದಿತ್ತು, ಬಿಸಿಲಿಗೆ ಬಣ್ಣ ಹೋದದ್ದು. ಅವನ ಕೈ ನಿಂತಿತು.

"ನಿಂತೆಯೇಕೆ? ಇನ್ನೂ ಇವೆ, ಬಿಚ್ಚು."

ಬಿಚ್ಚಿದ. ಅದರಡಿ ಮತ್ತೊಂದು, ಅಂಚಿನಲ್ಲಿ ಹೊಲಿಗೆ ಬಾರದ ಕೈಯ ಓರೆಕೋರೆ ಹೊಲಿಗೆ. ಅದರಡಿ ಯಾರದೋ ಮದುವೆಯ ಕಿಮೋನೊ ನಿಲುವಂಗಿಯ ತುಂಡು. ಅದರಡಿ ಮಳೆಯಲ್ಲಿ ನೆನೆದು ನೆನೆದು ಬೂದಿಬಣ್ಣಕ್ಕೆ ತಿರುಗಿದ್ದು. ಎಲ್ಲಕ್ಕೂ ತಳದಲ್ಲಿ ಬರೀ ದಾರದ ಎಳೆಗಳು ಕಲ್ಲಿಗೆ ಅಂಟಿದ್ದವು.

ಅವನು ಆ ಎಳೆಗಳನ್ನು ಬೆರಳಿನಿಂದ ಮುಟ್ಟಿದ. "ಇವರ ಮಕ್ಕಳೆಲ್ಲ ಉಳಿದರೇ?"

"ಕೆಲವರು ಉಳಿದರು. ಯಾರೆಂದು ನೀನೇ ಬಟ್ಟೆ ನೋಡಿ ಹೇಳು."

ತೋಕುಜಿರೋ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದ. ಹೇಳಲಾಗಲಿಲ್ಲ. ಕೊನೆಗೆ ಹಳೆಯದರಿಂದ ಆರಂಭಿಸಿ, ಮೊದಲಿದ್ದ ಕ್ರಮದಲ್ಲೇ ಮತ್ತೆ ಕಟ್ಟತೊಡಗಿದ. ಹೆಂಡತಿಯದನ್ನು ಕಟ್ಟುವಾಗ ಗಂಟು ಎರಡು ಸಲ ಜಾರಿತು.

ಅಷ್ಟರಲ್ಲಿ ತುಂಬುಬಸುರಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಹೊಸ ಕೆಂಪು ಬಟ್ಟೆ.

"ಬಗ್ಗೋಕಾಗಲ್ಲ, ಅಣ್ಣ. ಸ್ವಲ್ಪ ಕಟ್ಟಿಕೊಡ್ತೀರಾ? ಒಳ್ಳೇ ದೇವರಂತೆ, ಹೌದಾ?"

ಅವನ ನಾಲಿಗೆಯ ತುದಿಯಲ್ಲಿ ಉತ್ತರವಿತ್ತು. ಅಮ್ಮನವರ ಪೊರಕೆ ನಿಂತಿತು. ಅವರು ಅವನತ್ತ ನೋಡಿದರು.

"ಕೊಡು ತಾಯಿ," ಎಂದು ಅವನು ಆ ಬಟ್ಟೆಯನ್ನು ತನ್ನ ಹೆಂಡತಿಯದರ ಮೇಲೆ ಕಟ್ಟಿದ. ಗಂಟನ್ನು ಎಳೆದು ನೋಡಿ ಬಿಗಿಮಾಡಿದ. ಆಮೇಲೆ ಅಮ್ಮನವರಿಗೆ ಮಂಡಿಯೂರಿ ನಮಸ್ಕರಿಸಿ ಎದ್ದು, ಆ ಬಸುರಿಗೆ ಹೇಳಿದ:

"ಮೆಟ್ಟಿಲು ಒದ್ದೆಯಿದೆ. ನಾನು ಮುಂದೆ ಇಳಿಯುತ್ತೇನೆ, ನನ್ನ ಭುಜ ಹಿಡಿದುಕೋ."