ರಸಮಟ್ಟದ ಗುಳ್ಳೆ

ನಲ್ಲಿ ಕೆಲಸದ ದಾದಾಪೀರ್ ಪ್ಲಂಬರ್ ಲೈಸೆನ್ಸ್ ಪರೀಕ್ಷೆಗೆಂದು ಹಿತ್ತಲಲ್ಲಿ ಬಚ್ಚಲ ನೀರು ಹೊರಹೋಗುವ ಪೈಪು ಜೋಡಿಸಿ ಕೈ ಪಳಗಿಸಿಕೊಳ್ಳುತ್ತಿದ್ದ. ಮಟ್ಟ ಸಮವಾಗಿದೆಯೇ ಎಂದು ನೋಡುವ ಅವನ ರಸಮಟ್ಟಕ್ಕೆ ಒಂದೇ ಹಟ: ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ಕೆಲಸ ಸರಿ, ಕೂದಲೆಳೆ ಸರಿದರೂ ತಪ್ಪು.

ಪೈಪಿನ ಮೇಲೆ ಕೂತದ್ದೇ ಅದು ಗದರಿತು: "ಎಲೈ ಪೈಪೇ, ವಾಲಿದ್ದೀಯೆ! ನಾಳೆ ಪರೀಕ್ಷಕರೆದುರು ನನ್ನ ಮಾನ ಕಳೆಯುತ್ತೀಯಾ?"

"ವಾಲುವುದೇ ನನ್ನ ಕೆಲಸ, ಸ್ವಾಮಿ," ಎಂದಿತು ಪೈಪು.

ರಸಮಟ್ಟ ಕೇಳಲಿಲ್ಲ. ಗುಳ್ಳೆಯನ್ನೇ ನಂಬಿದ ದಾದಾಪೀರ್ ಪೈಪಿನ ತಗ್ಗಿದ ತುದಿಗೆ ಹಂಚಿನ ಚೂರು ಕೊಟ್ಟು ಎತ್ತರಿಸಿದ. ಗುಳ್ಳೆ ನಡುವಿಗೆ ಬಂತು. ರಸಮಟ್ಟ ಹಿಗ್ಗಿತು. ಅವನು ಒಂದು ಚೊಂಬು ನೀರು ಹುಯ್ದ. ನೀರು ಪೈಪಿನೊಳಗೆ ಅರ್ಧ ದಾರಿ ಹೋಗಿ ನಿಂತು, "ಅಯ್ಯಾ, ಯಾವ ಕಡೆ ಹೋಗಲಿ?" ಎಂದು ಕೇಳಿತು.

ರಸಮಟ್ಟ ತನ್ನ ಗುಳ್ಳೆಯನ್ನೊಮ್ಮೆ, ನಿಂತ ನೀರನ್ನೊಮ್ಮೆ ನೋಡಿತು. ದಾದಾಪೀರ್ ಹಣೆ ಚಚ್ಚಿಕೊಂಡು ಚೂರನ್ನು ಕಿತ್ತೆಸೆದ. ನೀರು ಸರ್ರನೆ ಹರಿದುಹೋಯಿತು.

ಮರುದಿನ ಪರೀಕ್ಷೆಯಲ್ಲಿ ದಾದಾಪೀರ್ ಜೋಡಿಸಿದ ಪೈಪಿನ ಮೇಲೆ ರಸಮಟ್ಟ ಕೂತಿತು. ಗುಳ್ಳೆ ನಡುವಿನಿಂದ ಒಂದೆಳೆ ಸರಿದೇ ಇತ್ತು. ಪಕ್ಕದ ಅಭ್ಯರ್ಥಿಯ ಹೊಸ ರಸಮಟ್ಟ ನಕ್ಕಿತು: "ಅಣ್ಣಾ, ನಿಮ್ಮ ಗುಳ್ಳೆ ನಡುವಿನಲ್ಲಿಲ್ಲವಲ್ಲ?"

"ಇಲ್ಲಪ್ಪ," ಎಂದಿತು ರಸಮಟ್ಟ, "ನೀರು ಹೋಗಬೇಕಲ್ಲ."