ಮೂರು ಬೆರಳು ಕಡಿಮೆ

ನದಿಯ ದಡದಲ್ಲಿ ಒಂದು ಆಶ್ರಮ. ಆಶ್ರಮದ ಪಕ್ಕದಲ್ಲಿ ಒಂದು ಬಯಲು. ಬಯಲಿನ ಕೊನೆಗೆ ಹರಿಗೋಲು ನಿಲ್ಲುವ ಜಾಗ.

ಆಶ್ರಮದಲ್ಲಿದ್ದವರು ಇಬ್ಬರೇ: ಗುರುಗಳು ಮತ್ತು ಶಿಷ್ಯ ತ್ರಯಂಬಕ.

ತ್ರಯಂಬಕ ಬಂದು ಒಂಬತ್ತು ವರ್ಷವಾಗಿತ್ತು. ಒಂದು ದಿನವೂ ಸಿಟ್ಟು ಮಾಡಿದವನಲ್ಲ, ಸಾರಿಗೆ ಉಪ್ಪು ಕಡಿಮೆಯಾದರೆ ಕೇಳಿದವನಲ್ಲ, ಕನಸಿನಲ್ಲೂ ನಕ್ಕವನಲ್ಲ. ಇಂಥವನ ಜೊತೆ ಒಂದೇ ಸೂರಿನಡಿ ಬದುಕುವುದು ಎಷ್ಟು ಕಷ್ಟ ಎಂಬುದು ಗುರುಗಳಿಗೆ ಮಾತ್ರ ಗೊತ್ತಿತ್ತು.

ಒಂದು ಬೆಳಿಗ್ಗೆ ಅವನು ಬಂದು ಕೈಮುಗಿದು ನಿಂತ.

"ಗುರುಗಳೇ, ನನಗೆ ಸನ್ಯಾಸ ದೀಕ್ಷೆ ಕೊಡಿ. ಒಂಬತ್ತು ವರ್ಷದಿಂದ ಕಾಯುತ್ತಿದ್ದೇನೆ. ನನಗೆ ಬೇರೇನೂ ಬೇಡ."

"ಸನ್ಯಾಸ ಎಂದರೆ ಏನಪ್ಪಾ?"

"ಬಿಡುವುದು."

"ನೀನು ಏನನ್ನು ಬಿಡುತ್ತೀ?"

ತ್ರಯಂಬಕ ಯೋಚಿಸಿದ. "ನನ್ನನ್ನು ಯಾವುದೂ ಹಿಡಿದೇ ಇಲ್ಲ, ಗುರುಗಳೇ," ಎಂದ. ಹೇಳುವಾಗ ದನಿಯಲ್ಲಿ ತುಸು ಹೆಮ್ಮೆಯೇ ಇತ್ತು.

ಗುರುಗಳು ಬಯಲಿನ ಕಡೆ ನೋಡಿದರು.

"ಹುಣ್ಣಿಮೆಗೆ ಇನ್ನೂ ಇಪ್ಪತ್ತು ದಿನ ಇದೆ. ಅಲ್ಲಿಯವರೆಗೆ ದಿನಾ ಸಂಜೆ ಆ ಬಯಲಿಗೆ ಹೋಗಿ ಕೂತುಕೋ. ಆ ಜನ ಅಲ್ಲಿಗೆ ಯಾಕೆ ಬರುತ್ತಾರೆ, ನೋಡಿಕೊಂಡು ಬಾ. ದೀಕ್ಷೆಯ ಮಾತು ಆಮೇಲೆ."

"ಅಲ್ಲಿ ಚಿನ್ನಿದಾಂಡು ಆಡುತ್ತಾರೆ, ಗುರುಗಳೇ!"

"ಹೌದಂತೆ."

ಮೈಗೆಲ್ಲ ಬೂದಿ ಬಳಿದುಕೊಂಡು ಒಂಟಿಕಾಲಲ್ಲಿ ನಿಲ್ಲು ಎಂದಿದ್ದರೆ ತ್ರಯಂಬಕ ಸಂತೋಷದಿಂದ ಹೋಗುತ್ತಿದ್ದ. ಇದಕ್ಕೆ ಮುಖ ಹುಳ್ಳಗೆ ಮಾಡಿಕೊಂಡು ಹೋದ.

ಆಚೆ ದಡದಿಂದ ಹರಿಗೋಲು ಬರುವುದು ಯಾವಾಗಲೂ ತಡ. ಕಾಯುವವರು ಕಾಯುತ್ತಾ ಆಡುತ್ತಿದ್ದರು. ಹರಿಗೋಲು ಬಂದ ಮೇಲೂ ಆಡುತ್ತಿದ್ದರು. ಆಗ ಹರಿಗೋಲಿನವನೂ ಸೇರಿಕೊಳ್ಳುತ್ತಿದ್ದ. ಎಲ್ಲರೂ ಮೀಸೆ ಬಂದವರೇ, ಕೆಲವರ ಮೀಸೆ ನರೆತೂ ಇತ್ತು.

ಮೊದಲ ಸಂಜೆ ಗುರುಗಳು ಕೇಳಿದರು: "ಏನು ಕಂಡೆ?"

"ಒಬ್ಬ ಗೇಣುದ್ದದ ಚಿನ್ನಿಯನ್ನು ದಾಂಡಿನಿಂದ ದೂರಕ್ಕೆ ಹೊಡೆಯುತ್ತಾನೆ. ಉಳಿದವರು ಬಿದ್ದೂ ಎದ್ದೂ ಓಡಿ ಅದನ್ನು ತಂದು ಅವನಿಗೇ ಕೊಡುತ್ತಾರೆ. ಅವನು ಮತ್ತೆ ಹೊಡೆಯುತ್ತಾನೆ. ಹುಟ್ಟು, ಸಾವು, ಮತ್ತೆ ಹುಟ್ಟು. ಇದೇ ಸಂಸಾರ. ಅಜ್ಞಾನದಿಂದ ಬರುತ್ತಾರೆ, ಗುರುಗಳೇ."

"ಹೊಡೆದವನು ಯಾರು?"

"ಯಾರೋ ಒಬ್ಬ ದಪ್ಪನೆಯವನು."

"ಕುಂಬಾರ ಮಾದಶೆಟ್ಟಿಯೋ?"

"ಗೊತ್ತಿಲ್ಲ."

"ಚಿನ್ನಿಯನ್ನು ಎಷ್ಟು ಎತ್ತರಕ್ಕೆ ಎಬ್ಬಿಸಿದ? ಸೊಂಟಕ್ಕೋ, ಎದೆಗೋ?"

"ಗಮನಿಸಲಿಲ್ಲ."

"ಹಾಗಾದರೆ ಏನು ನೋಡಿಕೊಂಡು ಬಂದೆ?" ಎಂದು ಗುರುಗಳು ಎದ್ದು ಒಳಗೆ ಹೋದರು.

ಇದು ಏಕಾಗ್ರತೆಯ ಪರೀಕ್ಷೆ ಎಂದು ತ್ರಯಂಬಕ ಅರ್ಥ ಮಾಡಿಕೊಂಡ. ಜಾಣರ ಕಷ್ಟವೇ ಇದು, ಎಲ್ಲದಕ್ಕೂ ಅರ್ಥ ಹುಡುಕುತ್ತಾರೆ.

ಮರುದಿನ ಅವನು ಕೂತದ್ದು ಮಜ್ಜಿಗೆ ಮಾರುವ ಕೆಂಪಾಜಮ್ಮನ ಪಕ್ಕದಲ್ಲಿ. ಅವಳು ಒಂದು ಲೋಟ ಮಜ್ಜಿಗೆ ಕೊಟ್ಟಳು.

"ನೀವು ಯಾವ ಊರಿಗೆ ಹೋಗಬೇಕಮ್ಮಾ?"

"ಎಲ್ಲಿಗೂ ಇಲ್ಲ ಸಾಮಿ. ಆಟ ನೋಡಕ್ಕೆ ಬಂದಿವ್ನಿ."

"ನೀವೂ ಆಡುತ್ತಿದ್ದಿರೇನು?"

"ಹುಟ್ಟಿದಾರಭ್ಯ ದಾಂಡು ಮುಟ್ಟಿಲ್ಲ," ಎಂದವಳೇ ಹೊಡೆಯಲು ನಿಂತವನ ಕಡೆ ತಿರುಗಿ ಕೂಗಿದಳು: "ಲೋ ಮಾದಶೆಟ್ಟಿ, ಮೊಣಕೈ ಎತ್ತೋ! ಮಡಕೆ ತಟ್ಟೋ ಹಂಗೆ ತಟ್ಟಬ್ಯಾಡ!"

ಮಾದಶೆಟ್ಟಿ ಮೊಣಕೈ ಎತ್ತಲಿಲ್ಲ. ಆದರೂ ಚಿನ್ನಿ ಹಾರಿ ದೂರ ಬಿತ್ತು.

"ಐವತ್ತು!" ಎಂದು ಅವನು ಕೂಗಿದ.

"ಏನು ಐವತ್ತು?" ಎಂದ ತ್ರಯಂಬಕ.

"ಚಿನ್ನಿ ಬಿದ್ದ ಜಾಗ ನೋಡ್ಕಂಡು, ಹೊಡೆದೋನು ನಿಂತ ತಾವಿಂದ್ಲೇ ಇಷ್ಟು ದಾಂಡು ದೂರ ಅಂತ ಕೇಳ್ಬೇಕು ಸಾಮಿ. ಆ ಕಡೆಯೋರು ಒಪ್ಪಿದ್ರೆ ಅಷ್ಟೂ ಇವನಿಗೆ. ಒಪ್ಪದಿದ್ರೆ ದಾಂಡು ಮಲಗಿಸಿ ಮಲಗಿಸಿ ಅಳೀತಾರೆ. ಕೇಳಿದ್ದಕ್ಕಿಂತ ಒಂದು ಬೆರಳು ಕಮ್ಮಿ ಬಂದ್ರೂ ಔಟು. ಒಂದೂ ಸಿಗಾಕಿಲ್ಲ."

ಆ ಕಡೆಯವರು ಒಪ್ಪಲಿಲ್ಲ. ಅಳೆದರು. ನಲವತ್ತೆರಡು ಬಂತು. ಮಾದಶೆಟ್ಟಿ ಔಟು.

"ನಲವತ್ತು ಕೇಳಿದ್ದರೆ ಸಿಗುತ್ತಿತ್ತಲ್ಲ?"

"ಸಿಗ್ತಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

ಕೆಂಪಾಜಮ್ಮ ಅವನನ್ನು ಕನಿಕರದಿಂದ ನೋಡಿದಳು. "ಕಮ್ಮಿ ಕೇಳೋದನ್ನ ವರ್ಸವೆಲ್ಲಾ ಮಾಡ್ತೀವಲ್ಲ ಸಾಮಿ. ಸಂತೇಲಿ ಕಮ್ಮಿ ಕೇಳ್ತೀವಿ. ದ್ಯಾವ್ರ ತಾವ ಹೋದ್ರೂ ಕಮ್ಮೀನೇ ಕೇಳ್ತೀವಿ. ಇಲ್ಲಾದ್ರೂ ಒಸಿ ಜಾಸ್ತಿ ಕೇಳ್ಬ್ಯಾಡ್ವಾ?"

ತ್ರಯಂಬಕ ಮಜ್ಜಿಗೆಯನ್ನು ಒಂದು ಗುಟುಕು ಕುಡಿದ.

"ಹುಣ್ಣಿಮೆ ದಿವಸ ಆ ದಡಕ್ಕೂ ಈ ದಡಕ್ಕೂ ಪಂದ್ಯ ಐತೆ," ಎಂದಳು ಅವಳು. "ಹನ್ನೊಂದು ವರ್ಸದಿಂದ ನಾವೇ ಸೋತಿರೋದು."

"ಹಾಗಾದರೆ ಈ ವರ್ಷವೂ ಸೋಲುತ್ತೀರಿ."

ಕೆಂಪಾಜಮ್ಮ ಅವನ ಕೈಯಲ್ಲಿದ್ದ ಲೋಟವನ್ನು, ಇನ್ನೂ ಅರ್ಧ ಮಜ್ಜಿಗೆ ಇದ್ದಹಾಗೇ, ಕಿತ್ತುಕೊಂಡಳು.

ಅಂದು ರಾತ್ರಿ ಅವನು ನಡೆದದ್ದನ್ನೆಲ್ಲ ಗುರುಗಳಿಗೆ ಒಪ್ಪಿಸಿದ.

"ನಲವತ್ತೆರಡು ಹೊಡೆದು ಐವತ್ತು ಕೇಳಿದನೇ?" ಎಂದು ಗುರುಗಳು ಹಣೆಗೆ ಕೈಹಚ್ಚಿ ಕಣ್ಣು ಮುಚ್ಚಿದರು. ಧ್ಯಾನಕ್ಕೆ ಕೂತರೆಂದು ತ್ರಯಂಬಕ ಸದ್ದು ಮಾಡದೆ ಎದ್ದು ಹೋದ.

ಒಂದು ವಾರ ಕಳೆಯುವಷ್ಟರಲ್ಲಿ ಬಯಲಿನಲ್ಲಿ ಜಗಳ ಹತ್ತಿತು. ಅಳೆಯುವಾಗ ಈ ದಡದವರು ದಾಂಡನ್ನು ಹಿಂದಕ್ಕೆ ಜಾರಿಸುತ್ತಾರೆ ಎಂದು ಆ ದಡದವರು, ನೀವು ಮುಂದಕ್ಕೆ ಜಾರಿಸುತ್ತೀರಿ ಎಂದು ಇವರು. ಇಬ್ಬರ ಮಾತೂ ನಿಜವೇ ಆಗಿತ್ತು.

ಆ ದಡದವರ ಮುಂದಾಳು, ಹರಿಗೋಲು ನಡೆಸುವ ಜವರಯ್ಯ, ತ್ರಯಂಬಕನನ್ನು ತೋರಿಸಿ ಹೇಳಿದ: "ಸಾಮ್ಯೋರು ಅಳೀಲಿ. ಅವ್ರಿಗೆ ಆ ದಡವೂ ಇಲ್ಲ, ಈ ದಡವೂ ಇಲ್ಲ."

ತ್ರಯಂಬಕ ಅಳೆದ. ದಾಂಡನ್ನು ನೆಲಕ್ಕೆ ಎಳೆಯ ಕೂಸನ್ನು ಮಲಗಿಸುವಂತೆ ಮಲಗಿಸಿದ. ದಾರಿಯಲ್ಲಿ ಇರುವೆ ಸಿಕ್ಕರೆ ಅದು ದಾಟುವ ತನಕ ಕಾದ. ಅವನು ಅಳೆದು ಮುಗಿಸುವಷ್ಟರಲ್ಲಿ ಹರಿಗೋಲು ಒಂದು ಸಲ ಹೋಗಿ ಬರಬಹುದಿತ್ತು. ಆದರೆ ಅವನ ಅಳತೆಗೆ ಯಾರೂ ಎದುರಾಡಲಿಲ್ಲ. ಅಂದಿನಿಂದ ಅವನ ಹೆಸರು ಅಳತೆ ಸಾಮಿ ಎಂದಾಯಿತು.

ಅಳೆದು ಅಳೆದು ಅವನ ಕಣ್ಣು ಕೆಟ್ಟಿತು. ಜಪಕ್ಕೆ ಕೂತರೆ ತುಳಸಿಕಟ್ಟೆಗೆ ಹದಿನೆಂಟು ದಾಂಡು, ಬಾವಿಗೆ ಇಪ್ಪತ್ತಾರು ಎಂದು ತಾನಾಗಿ ಹೊಳೆಯತೊಡಗಿತು.

ಇನ್ನೊಂದು ಸಂಜೆ ಜವರಯ್ಯ ಕೆಣಕಿದ: "ಬರೀ ಅಳೆಯೋದೇ ಆಯ್ತು. ಸಾಮ್ಯೋರೂ ಒಂದು ಕೈ ನೋಡ್ಲಿ."

ಬೇಡ ಬೇಡ ಎನ್ನುತ್ತಲೇ ತ್ರಯಂಬಕ ದಾಂಡು ಹಿಡಿದ. ಮೊದಲ ಪೆಟ್ಟು ನೆಲಕ್ಕೆ ಬಿತ್ತು. ಎರಡನೆಯದು ಅವನದೇ ಮೊಣಕಾಲಿಗೆ. ಮೂರನೆಯದು ಚಿನ್ನಿಗೆ ತಗಲಿತು.

ಚಿನ್ನಿ ಎದ್ದು ಹೋಯಿತು. ಅವನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತ.

"ಎಷ್ಟು ಕೇಳ್ತೀರಿ ಸಾಮಿ?"

ಮೂವತ್ತೊಂದು ಎಂದು ಅವನ ಕಣ್ಣು ಹೇಳಿತು.

"ನಲವತ್ತು!" ಎಂದಿತು ಅವನ ಬಾಯಿ.

ಬಯಲಿಗೆ ಬಯಲೇ ನಕ್ಕಿತು. ಅವನೇ ಬಗ್ಗಿ ಅಳೆದ. ಮೂವತ್ತೊಂದು. ತನ್ನನ್ನು ತಾನೇ ಔಟು ಎಂದು ಸಾರಿದ.

ಕುಂಟುತ್ತಾ ಆಶ್ರಮಕ್ಕೆ ಬಂದು ಗುರುಗಳ ಕಾಲಿಗೆ ಬಿದ್ದ.

"ಗುರುಗಳೇ, ಸುಳ್ಳು ಹೇಳಿಬಿಟ್ಟೆ. ಮೂವತ್ತೊಂದು ಎಂದು ಗೊತ್ತಿದ್ದೂ ನಲವತ್ತು ಕೇಳಿದೆ."

"ಯಾಕೆ?"

"ಚಿನ್ನಿ ಸರಿಯಾಗಿ ತಗಲಿದಾಗ ಕೈಗೆ ಏನೂ ತಗಲಿದ ಹಾಗೇ ಇರಲಿಲ್ಲ. ಅಷ್ಟು ಹಗುರ. ಅಂಥ ಹೊಡೆತಕ್ಕೆ ಮೂವತ್ತೊಂದು ಎನ್ನಲು ನಾಲಿಗೆ ಏಳಲಿಲ್ಲ, ಗುರುಗಳೇ."

ಗುರುಗಳು ಅವನನ್ನು ಎಬ್ಬಿಸಿ ಕೂರಿಸಿದರು.

"ಮೊದಲ ಸಲಕ್ಕೆ ಮೂವತ್ತೊಂದು ಪರವಾಗಿಲ್ಲ," ಎಂದರು.

ಹುಣ್ಣಿಮೆ ಬಂತು. ಪಂದ್ಯಕ್ಕೆ ಅಳೆಯುವವನು ತ್ರಯಂಬಕನೇ ಎಂದು ಎರಡೂ ದಡದವರು ಒಪ್ಪಿದ್ದರು.

"ಪಂದ್ಯದ ಮರುದಿನ ಸೂರ್ಯೋದಯಕ್ಕೆ ನಿನ್ನ ದೀಕ್ಷೆ," ಎಂದಿದ್ದರು ಗುರುಗಳು. "ಅಷ್ಟರೊಳಗೆ ನೀನು ಎಂಥವನು ಎಂದು ನಿನಗೇ ತಿಳಿದಿರಬೇಕು."

ನನಗೆ ಯಾವ ಪಕ್ಷವೂ ಇಲ್ಲ, ಯಾವ ಪಕ್ಷವೂ ಇಲ್ಲ ಎಂದು ಹೇಳಿಕೊಳ್ಳುತ್ತಲೇ ತ್ರಯಂಬಕ ಬಯಲಿಗೆ ಹೋದ.

ಪಂದ್ಯದಲ್ಲಿ ಒಬ್ಬೊಬ್ಬನಿಗೆ ಮೂರು ಹೊಡೆತ. ಆ ದಡದವರು ಮೊದಲು ಆಡಿ ಮುಗಿಸಿದರು. ಆಮೇಲೆ ಈ ದಡದವರು. ಹೊತ್ತು ಇಳಿಯುವಷ್ಟರಲ್ಲಿ ಉಳಿದದ್ದು ಕೊನೆಯ ಆಳಿನ ಕೊನೆಯ ಹೊಡೆತ. ಗೆಲ್ಲಲು ಬೇಕಾದದ್ದು ಐವತ್ತೈದು ದಾಂಡು. ಹೊಡೆಯಬೇಕಾದವನು ಮಾದಶೆಟ್ಟಿ.

ಕೆಂಪಾಜಮ್ಮ ಮಜ್ಜಿಗೆ ಮಾರುವುದನ್ನು ನಿಲ್ಲಿಸಿ ಸೆರಗು ಕಚ್ಚಿಕೊಂಡು ಕೂತಿದ್ದಳು.

ಮಾದಶೆಟ್ಟಿಯ ಪಕ್ಕದಲ್ಲಿ ನಿಂತ ತ್ರಯಂಬಕನ ತುಟಿ ಅಲುಗುತ್ತಿತ್ತು. ಮಂತ್ರ ಹೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಕಿವಿಗೊಟ್ಟು ಕೇಳಿಕೊಂಡರೆ ತಾನು ಹೇಳುತ್ತಿದ್ದದ್ದು "ಮೊಣಕೈ ಎತ್ತೋ, ಮೊಣಕೈ ಎತ್ತೋ" ಎಂದು.

ಮಾದಶೆಟ್ಟಿ ಮೊಣಕೈ ಎತ್ತಿದ.

ಆ ಹೊಡೆತವನ್ನು ನೋಡಿದವರು ಪುಣ್ಯವಂತರು. ಚಿನ್ನಿ ಎಲ್ಲರ ತಲೆಯ ಮೇಲೆ ಹಾರಿತು. ಹಿಡಿಯಲು ಓಡಿದ ಜವರಯ್ಯ ಅರ್ಧದಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು, ಅದು ಹೋಗುವುದನ್ನು ನೋಡಿದ.

ಚಿನ್ನಿ ಬಿತ್ತು. ಐವತ್ತೊಂಬತ್ತು ಎಂದಿತು ತ್ರಯಂಬಕನ ಕಣ್ಣು. ಅರವತ್ತಕ್ಕೆ ಚೂರೇ ಕಡಿಮೆ, ಆದರೆ ಅರವತ್ತಲ್ಲ.

ಗೆದ್ದಾಯಿತು. ಐವತ್ತೈದು ಕೇಳಿದರೆ ಸಾಕು. ಐವತ್ತೈದು ಕೇಳಪ್ಪಾ, ನಿನ್ನ ಕಾಲಿಗೆ ಬೀಳುತ್ತೇನೆ, ಎಂದು ಅವನ ಒಳಗೆ ಯಾರೋ ಗೋಗರೆದರು.

ಮಾದಶೆಟ್ಟಿ ಪಂಚೆಗೆ ಕೈ ಒರೆಸಿಕೊಂಡ. ಚಿನ್ನಿ ಬಿದ್ದ ಕಡೆ ನೋಡಿದ. ತನ್ನ ದಡದ ಜನರನ್ನು ನೋಡಿದ. ಮುಖವೆಲ್ಲ ಅರಳಿತು.

"ಅರವತ್ತು!"

ಈ ದಡದ ಜನ ಹುಚ್ಚೆದ್ದು ಕುಣಿದರು. ತ್ರಯಂಬಕ ಕಣ್ಣು ಮುಚ್ಚಿಕೊಂಡ.

"ಅಳೀರಿ ಸಾಮಿ," ಎಂದ ಜವರಯ್ಯ.

ಅವನು ಬಗ್ಗಿ ಅಳೆಯುತ್ತಾ ಹೊರಟ. ಎರಡೂ ದಡದ ಜನ ಅಕ್ಕಪಕ್ಕ ನಡೆಯುತ್ತಾ ಎಣಿಸಿದರು. ಐವತ್ತೇಳು. ಐವತ್ತೆಂಟು. ಐವತ್ತೊಂಬತ್ತು.

ಅರವತ್ತನೆಯ ಸಲ ಅವನು ಮಂಡಿಯೂರಿ ದಾಂಡು ಮಲಗಿಸಿದ. ದಾಂಡಿನ ತುದಿ ಚಿನ್ನಿಯನ್ನು ದಾಟಿ ಮೂರು ಬೆರಳು ಮುಂದೆ ಹೋಗಿತ್ತು.

ಅವನ ಮೈ ಅಡ್ಡವಿತ್ತು. ಬೇರೆ ಯಾರಿಗೂ ಇನ್ನೂ ಕಂಡಿರಲಿಲ್ಲ. ಕಿರುಬೆರಳಿನಿಂದ ಚಿನ್ನಿಯನ್ನು ತುಸು ತಳ್ಳಿದರೆ ಸಾಕು. ಅಳತೆ ಸಾಮಿಯ ಮಾತನ್ನು ಅನುಮಾನಿಸುವವರು ಆ ನದಿಯ ಉದ್ದಕ್ಕೂ ಯಾರಿದ್ದರು? ಹನ್ನೊಂದು ವರ್ಷ ಸೋತವರು ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಮೂರು ಬೆರಳು ಕಡಿಮೆ," ಎಂದ ತ್ರಯಂಬಕ. ಹೇಳಿ ಅಲ್ಲೇ ಮಣ್ಣಿನಲ್ಲಿ ಕೂತು ಗೊಳೋ ಎಂದು ಅತ್ತ.

ಒಂಬತ್ತು ವರ್ಷದಲ್ಲಿ ಅವನು ಅತ್ತದ್ದು ಅದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಬಹಳ ಜೋರಾಗಿ ಅತ್ತ. ಗೆದ್ದ ಜವರಯ್ಯನೇ ಬಂದು ಬೆನ್ನು ಸವರಬೇಕಾಯಿತು.

ಮಾದಶೆಟ್ಟಿಯೂ ಬಂದ. "ಏಳಿ ಸಾಮಿ. ಅಂಥಾ ಹೊಡೆತ ಹೊಡೆದು ಐವತ್ತೈದು ಕೇಳಕ್ಕಾಗ್ತದಾ? ನೀವೇ ಹೇಳಿ."

"ಆಗುವುದಿಲ್ಲ," ಎಂದು ತ್ರಯಂಬಕ ಬಿಕ್ಕುತ್ತಾ ಒಪ್ಪಿಕೊಂಡ.

ಕೆಂಪಾಜಮ್ಮ ಅವನ ವಂಶವನ್ನೇ ಬೈಯಲು ಶುರುಮಾಡಿದಳು. ಸನ್ಯಾಸಿಯಾಗುವವನಿಗೆ ಎಲ್ಲಿಯ ವಂಶ ಎಂದು ನೆನಪಾಗಿ ಅವನ ಗುರುಗಳನ್ನು ಬೈದಳು. ಆಮೇಲೆ ಕಣ್ಣೊರೆಸಿಕೊಂಡು ಒಂದು ಲೋಟ ಮಜ್ಜಿಗೆ ತಂದಳು.

"ಕುಡೀರಿ. ಬರೋ ವರ್ಸ ಗೆಲ್ತೀವಿ ಬುಡಿ."

"ಖಂಡಿತ," ಎಂದ ತ್ರಯಂಬಕ. ಅವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಶ್ರಮಕ್ಕೆ ಬಂದಾಗ ಗುರುಗಳು ಜಗುಲಿಯ ಮೇಲೆ ಕೂತಿದ್ದರು. ಅವನು ಎದುರಿಗೆ ಕೂತು ಆದದ್ದನ್ನೆಲ್ಲ ಹೇಳಿದ.

"ನಾಳೆ ದೀಕ್ಷೆ ಬೇಡ, ಗುರುಗಳೇ. ನಾನು ಅದಕ್ಕೆ ತಕ್ಕವನಲ್ಲ. ಚಿನ್ನಿಯನ್ನು ಮುಂದೆ ತಳ್ಳಿಬಿಡಬೇಕು ಅನ್ನಿಸಿತು."

"ತಳ್ಳಿದೆಯಾ?"

"ಇಲ್ಲ."

"ತಳ್ಳದೆ ಇರುವುದು ಕಷ್ಟವಾಯಿತೇ?"

"ಒಂಬತ್ತು ವರ್ಷದ ಉಪವಾಸ, ಜಪ, ತಣ್ಣೀರು ಸ್ನಾನ ಎಲ್ಲ ಸೇರಿಸಿದರೂ ಅಷ್ಟು ಕಷ್ಟವಾಗಿರಲಿಲ್ಲ."

ಗುರುಗಳು ಒಳಗೆ ಹೋದರು. ಹೊಸ ಕಾವಿ ಬಟ್ಟೆ ತಂದು ಅವನ ಕೈಯಲ್ಲಿಟ್ಟರು.

"ಬೆಳಿಗ್ಗೆ ಸ್ನಾನ ಮಾಡಿ ಬಾ."

"ನಾನು ಒಂದು ಮರದ ತುಂಡಿಗೋಸ್ಕರ ಅತ್ತವನು, ಗುರುಗಳೇ!"

"ಅದಕ್ಕೇ," ಎಂದರು ಗುರುಗಳು.

ತ್ರಯಂಬಕ ಕಾವಿಯನ್ನು ಕಣ್ಣಿಗೊತ್ತಿಕೊಂಡು, ಕಾಲಿಗೆ ನಮಸ್ಕಾರ ಮಾಡಿ, ಬಾಗಿಲವರೆಗೆ ಹೋದ.

"ತ್ರಯಂಬಕ."

ಅವನು ತಿರುಗಿದ. ಗುರುಗಳು ಯಾರಾದರೂ ಇದ್ದಾರೋ ಎಂದು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಲ್ಲಪ್ಪಾ, ಇನ್ನೊಂದು ಸಲ ಅಳೆದು ನೋಡಬಾರದಾಗಿತ್ತೇ?"