ನೊಣ ಕೈ ಉಜ್ಜುವುದೇಕೆ

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಹೊಳೆ ಮಾತಾಡುತ್ತಿತ್ತು, ಗಾಳಿ ಮನೆಮನೆಗೆ ಸುದ್ದಿ ಒಯ್ಯುತ್ತಿತ್ತು. ಆಗ ನೊಣವ್ವನೆಂದರೆ ಎಲ್ಲರಿಗೂ ಬೇಕಾದವಳು.

ಯಾರ ಮನೆಯಲ್ಲೇ ಮಗು ಹುಟ್ಟಲಿ, ಅದಕ್ಕೆ ಮೊದಲ ಬೆಲ್ಲದ ನೀರು ನೆಕ್ಕಿಸಲು ನೊಣವ್ವನೇ ಬರಬೇಕು. "ಅವಳ ಕೈಗುಣ ದೊಡ್ಡದು" ಎನ್ನುತ್ತಿದ್ದರು. ಅಳಿಲು ಕರೆಯಿತು, ಹೋದಳು. ಗುಬ್ಬಿ ಕರೆಯಿತು, ಹೋದಳು. ಹೊಗಳಿಕೆ ಯಾರಿಗೆ ಬೇಡ ಹೇಳು! ತೊಳೆದರೆ ಕೈಗುಣ ನೀರಿನ ಜೊತೆ ಹರಿದುಹೋಗುತ್ತದೆ ಎಂದು ಯಾರೋ ಅಂದದ್ದನ್ನು ನಂಬಿ, ಅವಳು ಕೈ ತೊಳೆಯುವುದನ್ನೇ ಬಿಟ್ಟಿದ್ದಳು. ಅಲ್ಲೊಂದು ಇಲ್ಲೊಂದು ಕೂಸು ಕಾಯಿಲೆ ಬಿದ್ದು ಸತ್ತರೆ, ಪಾಪ, ಅದರ ಹಣೆಬರಹ ಅಂದುಕೊಂಡರು.

ಒಂದು ದಿನ ಕಪ್ಪೆಯ ಮರಿಗೆ ಭೇದಿ ಹತ್ತಿತು. ನೊಣವ್ವ ಹೋಗಿ ಹೊಲಸು ಬಳಿದಳು, ಮರಿಯನ್ನು ಒರೆಸಿ ಮಲಗಿಸಿದಳು. ಕರುಳಿದ್ದವಳು, ಇಲ್ಲ ಅನ್ನಬಾರದು. ಅಷ್ಟರಲ್ಲಿ ಗಾಳಿ ಓಡಿಬಂತು.

"ನೊಣವ್ವಾ, ನಿನ್ನ ಮಗಳು ಹೆತ್ತಳು! ಹೆಣ್ಣು ಕೂಸು!"

ನೊಣವ್ವ ಎದ್ದುಬಿದ್ದು ಹಾರಿದಳು. ದಾರಿಯಲ್ಲಿ ಹೊಳೆ ಕೂಗಿತು. "ಕೈ ತೊಳ್ಕೊಂಡು ಹೋಗವ್ವಾ, ಎಳೇ ಕೂಸು."

"ಊರ ಮಕ್ಕಳಿಗೆಲ್ಲ ಕೊಟ್ಟ ಕೈಗುಣ ನನ್ನ ಮೊಮ್ಮಗಳಿಗೆ ಬೇಡ್ವಾ? ಸುಮ್ನಿರು ತಾಯಿ" ಎಂದು ಅವಳು ನಿಲ್ಲದೆ ಹೋದಳು.

ಅವಳ ಬೆರಳಲ್ಲಿದ್ದ ಬೆಲ್ಲದ ನೀರನ್ನು ನೆಕ್ಕಿ ಕೂಸು ತುಟಿ ಚಪ್ಪರಿಸಿತು. ನೊಣವ್ವನಿಗೆ ಲೋಕವೇ ಗೆದ್ದಂತಾಯಿತು.

ಮಾರನೆಯ ದಿನ ಕೂಸಿಗೂ ಭೇದಿ ಶುರುವಾಯಿತು. "ಹಾಲು ಕುಡಿಸಿದ್ರೆ ಇನ್ನೂ ಜಾಸ್ತಿಯಾಗುತ್ತೆ" ಎಂದು ನೊಣವ್ವ ಹಾಲನ್ನೂ ಬಿಡಿಸಿದಳು. "ಹಾಲು ಬಿಡಿಸ್ಬೇಡ್ರೇ, ಕೂಸು ಒಣಗಿಹೋಗುತ್ತೆ!" ಎಂದು ಹೊಳೆ ಗಾಳಿಯ ಕೈಲಿ ಹೇಳಿಕಳಿಸಿತು. ಯಾರೂ ಕೇಳಲಿಲ್ಲ. ಕೂಸಿನ ಕಣ್ಣು ಗುಳಿಬಿತ್ತು, ಅಳಲೂ ತ್ರಾಣವಿಲ್ಲದಾಯಿತು. ಸೂರ್ಯ ಮುಳುಗುವ ಮೊದಲೇ ಉಸಿರು ನಿಂತಿತು.

ಸಮಾಧಾನ ಮಾಡಲು ನೊಣವ್ವ ಮಗಳತ್ತ ಕೈ ಚಾಚಿದಳು.

"ಬೇಡ ಅವ್ವಾ, ಮುಟ್ಬೇಡ" ಎಂದಳು ಮಗಳು. ಕಪ್ಪೆಯ ಮನೆಯ ಹೊಲಸು ನೊಣವ್ವನ ಬೆರಳುಗಳಲ್ಲಿ ಇನ್ನೂ ಅಂಟಿಕೊಂಡಿತ್ತು.

ಆಗ ಅವಳು ಆ ಕೈಗಳನ್ನು ಮೊದಲ ಸಲ ನೋಡಿಕೊಂಡಳು. ಅಳಿಲಿನ ಮನೆಯಲ್ಲಿ ಸತ್ತ ಮರಿ ನೆನಪಾಯಿತು. ಗುಬ್ಬಿಯ ಮರಿಯೂ ನೆನಪಾಯಿತು. ಅಯ್ಯೋ, ಹಣೆಬರಹವಲ್ಲ, ನನ್ನ ಕೈಯೇ ಎಂದು ಎದೆಯೊಡೆದು ಅತ್ತಳು.

"ಬಾ ನೊಣವ್ವಾ, ಈಗಲಾದ್ರೂ ತೊಳ್ಕೋ" ಎಂದಿತು ಹೊಳೆ.

"ಇನ್ನು ತೊಳ್ದು ಯಾರನ್ನ ಎತ್ಕೊಳ್ಲಿ?" ಎಂದು ನೊಣವ್ವ ಹೊಳೆಯ ಕಡೆ ಮುಖ ಮಾಡದೆ, ಒಣಗೈಗಳನ್ನೇ ಒಂದಕ್ಕೊಂದು ಉಜ್ಜತೊಡಗಿದಳು. ಉಜ್ಜಿದಳು, ಉಜ್ಜಿದಳು. ನೀರಿಲ್ಲದೆ ಕೊಳೆ ಹೋದೀತೇ?

ನಿನ್ನ ತಟ್ಟೆಯ ಅಂಚಿನಲ್ಲಿ ಕೂತ ನೊಣ ಇವತ್ತಿಗೂ ಕೈ ಉಜ್ಜುತ್ತಲೇ ಇರುತ್ತದೆ, ಕಂದಾ. ಆ ಕೊಳೆ ಇನ್ನೂ ಹೋಗಿಲ್ಲ, ಅದಕ್ಕೇ ಅದು ಮುಟ್ಟಿದ ಅನ್ನವನ್ನು ಯಾವ ತಾಯಿಯೂ ತನ್ನ ಮಗುವಿಗೆ ಉಣಿಸುವುದಿಲ್ಲ.